ಯಜಮಾನರ ಹೆಸರಿನಲ್ಲಿ ಒಂದು ಅವತಾರ

ಕಿವಿಗೊಡಿ, ಬಂಧುಗಳೇ. ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿರಿಸಿ ಕೇಳಿ. ನಾನು ಪ್ರವಚನ ಮಾಡುವ ನಮ್ಮ ಕೊಡಿಗೇಹಳ್ಳಿಯ ಭಜನೆ ಮಂದಿರಕ್ಕೆ ಶನಿವಾರ ತಪ್ಪದೆ ಬರುವ ಗಂಗರತ್ನಮ್ಮನವರ ಬಾಳಿನಲ್ಲಿ ನಡೆದ ಒಂದು ಸಂಗತಿಯನ್ನು ಅವರ ಒಪ್ಪಿಗೆ ಪಡೆದೇ ನಿಮ್ಮ ಮುಂದಿಡುತ್ತಿದ್ದೇನೆ. ಪುಣ್ಯಕಥೆಗಳಲ್ಲಿ ಬರುವ ಅರಣ್ಯವಾಗಲಿ ಆಶ್ರಮವಾಗಲಿ ಇದರಲ್ಲಿಲ್ಲ. ಇದು ನಡೆದದ್ದು ಟ್ಯಾಬಿನ ಗಾಜಿನ ಹಿಂದೆ ಇರುವ ಒಂದು ಊರಿನಲ್ಲಿ. ಆ ಊರಿಗೆ ಬಸ್ಸಿಲ್ಲ, ದಾರಿಯಿಲ್ಲ, ಕಾಲಿಟ್ಟರೆ ಧೂಳಿಲ್ಲ. ಆದರೂ ಅಲ್ಲಿ ಪರಮಾತ್ಮನ ಕಣ್ಣು ಇದ್ದೇ ಇದೆ ಎಂಬುದನ್ನು ಈ ತಾಯಿಯ ಕಥೆ ನನಗೆ ಮನಗಾಣಿಸಿತು.

ಗಂಗರತ್ನಮ್ಮ ಹುಟ್ಟಿದ್ದು ರಾಜಾನುಕುಂಟೆಯ ಒಕ್ಕಲು ಮನೆಯಲ್ಲಿ. ಮದುವೆಯಾಗಿ ಕೊಡಿಗೇಹಳ್ಳಿಗೆ ಬಂದಾಗ ಅತ್ತೆಯ ಮನೆಯ ಹಿಂದೆ ರಾಗಿ ಹೊಲವಿತ್ತು, ಅದರಾಚೆ ದ್ರಾಕ್ಷಿ ತೋಟ. ಈಗ ಹೊಲವಿದ್ದ ಕಡೆ ಅವರದೇ ಬಾಡಿಗೆ ಮನೆಗಳು ನಿಂತಿವೆ. ಯಜಮಾನರಾದ ಮುನಿಗಂಗಪ್ಪನವರು ರಸ್ತೆಯ ಬದಿಯಲ್ಲಿ ಸಿಮೆಂಟು, ಜಲ್ಲಿ, ಕಬ್ಬಿಣ ಮಾರುವ ಅಂಗಡಿಯನ್ನಿಟ್ಟಿದ್ದಾರೆ. ದೇವರ ದಯೆಯಿಂದ ಉಣ್ಣಲು ಉಡಲು ಕೊರತೆಯಿಲ್ಲ. ಮಗಳು ಬಿಂದುಶ್ರೀ ಯಲಹಂಕದ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು, ಅಲ್ಲಿಯೇ ಸಂಸಾರ. ವಾರಕ್ಕೊಮ್ಮೆ ತಾಯಿಯ ಮನೆಗೆ ಬಂದು ಹೋಗುತ್ತಾರೆ.

ಈ ತಾಯಿ ಒಂದು ಹಳೆಯ ಸಂಪ್ರದಾಯವನ್ನು ಇಂದಿಗೂ ಬಿಟ್ಟಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಹೆಸರಿಲ್ಲದೆ ಮನೆಯ ಒಂದು ಕೆಲಸವೂ ನಡೆಯದು ಎಂಬುದು ಬೇರೆ ಮಾತು. ಕರೆಂಟ್ ಬಿಲ್ಲು, ಗ್ಯಾಸು, ಮದುವೆಯ ಮುಯ್ಯಿ, ದೇವಸ್ಥಾನದ ಅರ್ಚನೆ, ಎಲ್ಲವೂ ಯಜಮಾನರ ಹೆಸರಿನಲ್ಲೇ. ಪಡಿತರ ಅಂಗಡಿಯಲ್ಲಿ ಯಾರಾದರೂ ಗಟ್ಟಿಯಾಗಿ ಹೆಸರು ಕೇಳಿದರೆ, “ಶಿವನ ತಲೆ ಮೇಲೆ ಕೂತವ್ಳಲ್ಲಾ, ಅವಳ ಮುಂದೆ ಒಬ್ಬ ಋಷಿನ ಸೇರಿಸ್ಕೊಳಿ” ಎಂದು ಒಗಟಿನಂತೆ ಹೇಳುತ್ತಾರೆ. ಕೇಳಿದವರು ಅರ್ಥವಾಗದೆ ತಲೆ ಕೆರೆದುಕೊಂಡರೆ, ಸಾಲಿನಲ್ಲಿ ಹಿಂದೆ ನಿಂತವರು ಹೇಳಿಕೊಡಬೇಕು.

ಕಳೆದ ವರ್ಷ ಬಿಂದುಶ್ರೀಯವರ ಶಾಲೆಗೆ ಒಂದು ಸುತ್ತೋಲೆ ಬಂತು. ಕೆಲವು ಅಧ್ಯಾಪಕರು ಸೇರಿ ಅಂತರ್ಜಾಲದಲ್ಲಿ ‘ಕಟ್ಟೂರು’ ಎಂಬ ಲೋಕವೊಂದನ್ನು ತೆರೆದಿದ್ದರು. ಯಾರು ಬೇಕಾದರೂ ಒಂದು ರೂಪವನ್ನು ಧರಿಸಿ ಅದರೊಳಗೆ ಹೋಗಬಹುದು. ಅಲ್ಲಿ ಮಣ್ಣು ಅಗೆಯಬಹುದು, ಕಲ್ಲು ಹೊರಬಹುದು, ಗೋಡೆ ಎಬ್ಬಿಸಬಹುದು. ನಮ್ಮ ಸೀಮೆಯ ಹಳೆಯ ಕಾಲದ ಒಂದು ಊರನ್ನು ಎಲ್ಲರೂ ಕೂಡಿ ಕಟ್ಟಿ, ಕೆರೆಯ ನೀರು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಹೊಲಕ್ಕೆ ಹೇಗೆ ಹರಿಯುತ್ತಿತ್ತು ಎಂಬುದನ್ನು ತಾವೂ ಕಲಿತು ಶಾಲೆಯ ಮಕ್ಕಳಿಗೂ ತೋರಿಸಬೇಕೆಂಬುದು ಅದರ ಉದ್ದೇಶ. ಮಧ್ಯಾಹ್ನದ ಹೊತ್ತು ಅಮ್ಮನಿಗೆ ಬೇಸರವಾಗುತ್ತದೆಂದು ಮಗಳು ಆ ಲೋಕವನ್ನು ಮನೆಯ ಟ್ಯಾಬಿಗೆ ಹಾಕಿಕೊಟ್ಟರು. ಆಗ ತಾಯಿ ಮಗಳ ನಡುವೆ ನಡೆದ ಮಾತು ಇದು:

“ಅಮ್ಮ, ನಿನ್ನ ಅವತಾರ ಯಾವ್ದಿರ್ಲಿ?”

“ಯಾಕೆ, ಈಗಿರೋ ಅವತಾರ ಸಾಲ್ದಾ ನಿಂಗೆ?”

“ಒಳಗೆ ಓಡಾಡೋ ಗೊಂಬೆಗೆ ಅವತಾರ ಅಂತಾರೆ ಕಣಮ್ಮ. ಇರ್ಲಿ, ಮೊದ್ಲು ಹೆಸರು ಹೇಳು, ಯಾರ ಹೆಸರು ಹಾಕ್ಲಿ?”

“ಇದನ್ನೂ ಕೇಳ್ತಾರಾ? ಯಜಮಾನ್ರ ಎಸರು ಬರಿ.”

ಅರ್ಚನೆಯ ಚೀಟಿಗೆ ಹೇಳುವಂತೆ ಹೇಳಿಬಿಟ್ಟರು. ಮಗಳಿಗೂ ಹೊರಡುವ ಅವಸರ, ಹಾಗೆಯೇ ಬರೆದುಬಿಟ್ಟರು. ಗಂಡಸಿನ ಹೆಸರಾದ್ದರಿಂದ ಪಂಚೆ, ರುಮಾಲು, ದಪ್ಪ ಮೀಸೆಯ ಒಂದು ರೂಪವನ್ನೇ ಆರಿಸಿದರು. ಅದರ ತಲೆಯ ಮೇಲೆ ‘ಮುನಿಗಂಗಪ್ಪ’ ಎಂಬ ಅಕ್ಷರಗಳು ತೇಲಿದವು. ಗಂಗರತ್ನಮ್ಮನವರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಿಮ್ಮಪ್ಪನ್ಗೆ ವಯಸ್ನಲ್ಲೂ ಇಂಥ ಮೀಸೆ ಬರ್ಲಿಲ್ಲ ಕಣೇ,” ಎಂದರಂತೆ.

ನಗುತ್ತಾ ಒಳಹೋದವರು ಮೊದಲ ದಿನವೇ ಒಂದು ಗುಂಡಿಗೆ ಬಿದ್ದರು. ಎಷ್ಟು ಒದ್ದಾಡಿದರೂ ಮೇಲೇರಲಾಗಲಿಲ್ಲ. ಆಗ ಇನ್ನೊಂದು ಗೊಂಬೆ ಏಣಿಯೊಂದನ್ನು ತಂದು ಇಳಿಸಿತು, ಜೊತೆಗೆ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತು: “ಏನಣ್ಣ, ಕಣ್ಣು ಮನೇಲಿಟ್ಟು ಬಂದ್ರಾ?” ಏಣಿ ತಂದವರು ಟಿ. ದಾಸರಹಳ್ಳಿಯಲ್ಲಿ ನೀರಿನ ಮೋಟರುಗಳನ್ನು ರಿಪೇರಿ ಮಾಡುವ ಜಿಯಾವುಲ್ಲಾ. ಊಟದ ಬಿಡುವಿನಲ್ಲಿ ಅಂಗಡಿಯ ಶಟರು ಅರ್ಧ ಎಳೆದುಕೊಂಡು ಅವರು ಕಟ್ಟೂರಿಗೆ ಬರುತ್ತಿದ್ದರು. ಅಂದಿನಿಂದ ಇಬ್ಬರೂ ಜೊತೆ ಕೆಲಸಗಾರರು.

ಅಲ್ಲಿ ಮಾತು ಬಹುಪಾಲು ಬರಹದಲ್ಲೇ ನಡೆಯುತ್ತಿತ್ತು. ಗಂಗರತ್ನಮ್ಮ ಏಳನೆಯ ತರಗತಿಯವರೆಗೆ ಓದಿದವರು. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಒತ್ತುತ್ತಾ ಒತ್ತುತ್ತಾ ಟೈಪು ಮಾಡುವುದನ್ನು ಕಲಿತರು. ನಕ್ಷೆಯ ಮೇಲೆ ಯಾವುದು ದಿಬ್ಬ, ಯಾವುದು ತಗ್ಗು ಎಂದು ಗುರುತಿಸಲು ಕಲಿತರು. ಕಾಲುವೆಗೆ ಎಷ್ಟು ಇಳಿಜಾರು ಕೊಟ್ಟರೆ ನೀರು ನಿಲ್ಲದೆ ಓಡುತ್ತದೆ ಎಂಬುದನ್ನು ಜಿಯಾವುಲ್ಲಾ ಬೇಸರಿಸದೆ ಹೇಳಿಕೊಟ್ಟರು. ಬದಲಿಗೆ ಈ ತಾಯಿ ಅವರಿಗೆ ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲು ಹಾಕುವುದನ್ನು ತೋರಿಸಿದರು. ಆರ್.ಟಿ. ನಗರದ ಇತಿಹಾಸದ ಅಧ್ಯಾಪಕಿ ಮೋನಿಕಾ ಆ ತಂಡದ ಮೇಲ್ವಿಚಾರಕಿ. ಯಲಹಂಕದ ನರೇಂದ್ರ ಎಂಬವರು ಕಟ್ಟಡದ ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡುವವರು, ಗೋಡೆ ಒಂದಿಷ್ಟು ಓರೆಯಾದರೂ ಕೆಡವಿಸಿ ಮತ್ತೆ ಕಟ್ಟಿಸುವವರು. ಬೇರೆ ಬೇರೆ ಬಡಾವಣೆಗಳಲ್ಲಿ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ಇವರೆಲ್ಲ ಸೇರಿ ಏರಿ ಕಟ್ಟಿದರು, ಕೆರೆ ತುಂಬಿಸಿದರು, ಹೊಲಗಳನ್ನು ಬಿತ್ತಿದರು.

ಗಂಗರತ್ನಮ್ಮನವರ ಮನಸ್ಸಿಗೆ ಅಲ್ಲಿ ದೊರೆತ ಸಂತೋಷ ಎಂಥದೆಂದು ನಾನು ಕೇಳಿದ್ದುಂಟು. ಮನೆಯಲ್ಲಿ ಬಿಲ್ಡರುಗಳು ಬಂದು ಯಜಮಾನರೊಡನೆ ಮಾತಿಗೆ ಕುಳಿತಾಗ ಇವರು ಕಾಫಿ ಕೊಟ್ಟು ಒಳಗೆ ಬರುತ್ತಾರೆ. ಯಾರೂ ಹೋಗೆನ್ನುವುದಿಲ್ಲ, ಯಾರೂ ಇರೆನ್ನುವುದೂ ಇಲ್ಲ. ಕಟ್ಟೂರಿನಲ್ಲಿ ಹಾಗಲ್ಲ. ಅಶ್ವತ್ಥಕಟ್ಟೆಯ ಮೇಲೆ ಗೊಂಬೆಗಳೆಲ್ಲ ಸುತ್ತ ಕುಳಿತು ಏನನ್ನಾದರೂ ತೀರ್ಮಾನಿಸುವಾಗ, “ಗಂಗಪ್ಪಣ್ಣ, ನೀವೇನಂತೀರಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಈ ತಾಯಿ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದು ಮುಗಿಸುವ ತನಕ ಉಳಿದವರೆಲ್ಲ ಕಾಯುತ್ತಿದ್ದರು. ತನ್ನ ಮಾತಿಗಾಗಿ ನಾಲ್ಕು ಜನ ಕಾಯುವುದನ್ನು ಅವರು ಅದುವರೆಗೆ ಕಂಡವರಲ್ಲ. ಇವರು ಗಂಡಸಲ್ಲವೆಂದು ತಿಳಿದರೆ ಆ ಕಾಯುವಿಕೆ ಉಳಿಯುವುದೋ ಇಲ್ಲವೋ ಎಂಬ ಅಂಜಿಕೆಯಿಂದ, ಯಾರಾದರೂ ದನಿಯಲ್ಲಿ ಮಾತನಾಡೋಣವೆಂದಾಗಲೆಲ್ಲ “ಮೈಕ್ ಕೆಟ್ಟಿದೆ” ಎಂದು ಬರೆದುಬಿಡುತ್ತಿದ್ದರು.

ಇದನ್ನು ಕಪಟವೆಂದು ಬೇಗನೆ ಕರೆಯಬೇಡಿ. ಅವತಾರ ಎಂಬ ಮಾತನ್ನು ನಾವು ಎಷ್ಟು ಹಗುರವಾಗಿ ಬಳಸುತ್ತೇವೆ! ಮಗ ಕೂದಲು ಕೆದರಿಕೊಂಡು ಬಂದರೆ ಏನೋ ನಿನ್ನ ಅವತಾರ ಎನ್ನುತ್ತೇವೆ. ಆದರೆ ಭಗವಂತನು ಮೀನಾದದ್ದೂ, ಆಮೆಯಾದದ್ದೂ, ಕುಬ್ಜನಾದದ್ದೂ ಲೋಕಕ್ಕೆ ಆಗಬೇಕಾದ ಒಂದು ಕೆಲಸಕ್ಕಾಗಿ. ರೂಪ ಯಾವುದೆಂಬುದು ಅಲ್ಲಿ ದೊಡ್ಡ ಮಾತಲ್ಲ. ಆ ರೂಪದಿಂದ ಆದ ಕೆಲಸವೆಲ್ಲ ಅವನದೇ ಎಂಬುದು ದೊಡ್ಡ ಮಾತು. ಈ ಸತ್ಯ ಗಂಗರತ್ನಮ್ಮನವರ ಬಾಗಿಲಿಗೆ ಬಂದದ್ದು ಒಂದು ಹಸುವಿನ ಕಾಲಿನಿಂದ.

ಕೆರೆಯ ಕೆಲಸ ಮುಗಿಯುತ್ತಾ ಬಂದಾಗ ಏರಿಯ ಪಕ್ಕದಲ್ಲಿ ನೀರುಗಂಟಿಯ ಮನೆಯೊಂದನ್ನು ಕಟ್ಟಿದರು. ಹಿಂದೆ ಹೊಲಗಳಿಗೆ ಸರದಿಯ ಪ್ರಕಾರ ನೀರು ಬಿಡುತ್ತಿದ್ದವನೇ ನೀರುಗಂಟಿ. ಆ ಮನೆಯ ನೆಲದಲ್ಲಿ ಜಿಯಾವುಲ್ಲಾ ಒಂದು ಹಲಗೆ ಕೂರಿಸಿದರು. ಅದರ ಮೇಲೆ ಕಾಲಿಟ್ಟರೆ ತೂಬು ತೆರೆಯುತ್ತದೆ, ಕಾಲು ತೆಗೆದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ನರೇಂದ್ರ ಒಪ್ಪಲಿಲ್ಲ. ಕೈಯಿಂದ ಎಳೆಯುವ ಹಿಡಿಕೆ ಇರಲೆಂದರು. ಹಿಡಿಕೆಯಾದರೆ ತೆರೆದವರು ಮುಚ್ಚಲು ಮರೆಯಬಹುದು, ಹಲಗೆಯಾದರೆ ಮರೆಯುವ ಭಯವೇ ಇಲ್ಲ ಎಂದು ಜಿಯಾವುಲ್ಲಾ ವಾದಿಸಿದರು. ಕಡೆಗೆ ಹಲಗೆಯೇ ಉಳಿಯಿತು. ಅದು ಜಿಯಾವುಲ್ಲಾರಿಗೆ ಬಹಳ ಹೆಮ್ಮೆಯ ಕೆಲಸ. ಊರಿನ ಪ್ರಾರಂಭೋತ್ಸವಕ್ಕೆ ಬರುವ ಶಾಲೆಗಳಲ್ಲಿ ಅವರ ಮಗಳ ಶಾಲೆಯೂ ಒಂದಾಗಿತ್ತು. ಅಪ್ಪ ಕೂರಿಸಿದ ತೂಬನ್ನು ಅವಳಿಗೆ ತೋರಿಸಬೇಕಾಗಿತ್ತು.

ಮನೆ ಮುಗಿದ ಮಧ್ಯಾಹ್ನ ಗಂಗರತ್ನಮ್ಮ ಒಬ್ಬರೇ ಅಲ್ಲಿದ್ದರು. ಬಾಗಿಲು ಕೂಡಿಸಿಯಾಗಿದೆ, ಹೆಂಚು ಹೊದಿಸಿಯಾಗಿದೆ. ಆದರೆ ಅವರ ಮನಸ್ಸು ಒಪ್ಪಲಿಲ್ಲ. ಹೊಸ ಮನೆಗೆ ಮೊದಲು ಹಸು ಕಾಲಿಡದೆ ಮನುಷ್ಯರು ವಾಸ ಮಾಡುವುದೆಂದರೇನು? ಕೊಡಿಗೇಹಳ್ಳಿಯ ತಮ್ಮ ಬಾಡಿಗೆ ಮನೆಗಳಿಗೂ, ಮೂರನೆಯ ಮಹಡಿಯದಕ್ಕೂ, ಮೆಟ್ಟಿಲು ಹತ್ತಿಸಿ ಹಸುವನ್ನು ಕರೆದುಕೊಂಡು ಹೋದವರು ಅವರು. ಹಾಲುಕ್ಕಿಸಲು ಕಟ್ಟೂರಿನಲ್ಲಿ ಒಲೆ ಇನ್ನೂ ಇರಲಿಲ್ಲ, ಹಸು ಮಾತ್ರ ಇತ್ತು. ಉಳಿದವರು ನಕ್ಕಾರೆಂದು ಯಾರಿಗೂ ಹೇಳಲಿಲ್ಲ. ಟ್ಯಾಬಿನ ಅಂಚಿಗೆ ಒಂದು ಬೊಟ್ಟು ಕುಂಕುಮವಿಟ್ಟು, ಊದುಬತ್ತಿ ಹಚ್ಚಿ, ಮೇಯುತ್ತಿದ್ದ ಹಸುವೊಂದಕ್ಕೆ ಹುಲ್ಲು ತೋರಿಸುತ್ತಾ ನೀರುಗಂಟಿಯ ಮನೆಯೊಳಗೆ ಕರೆತಂದರು. ಹಸು ನಡುಮನೆಯಲ್ಲಿ ನಿಂತಿತು. ಇವರು ಕೈಮುಗಿದರು. ಅಷ್ಟರಲ್ಲಿ ಕೆಳಗಿನ ಬಾಡಿಗೆ ಮನೆಯವರು ಟ್ಯಾಂಕಿಗೆ ನೀರು ಏರುತ್ತಿಲ್ಲವೆಂದು ಕರೆದರು. ಟ್ಯಾಬನ್ನು ಮಗುಚಿಟ್ಟು ಹೋದವರು ಆ ಗಡಿಬಿಡಿಯಲ್ಲಿ ಹಸುವನ್ನು ಮರೆತೇಬಿಟ್ಟರು.

ಆ ಲೋಕ ಯಾರು ಬಂದರೂ ಹೋದರೂ ತನ್ನ ಪಾಡಿಗೆ ನಡೆಯುತ್ತಲೇ ಇರುತ್ತದೆ. ಹಸು ನಿಂತದ್ದು ಹಲಗೆಯ ಮೇಲೆ. ಅದು ಅಲ್ಲಿಯೇ ಮೆಲುಕು ಹಾಕುತ್ತಾ ನಿಂತಷ್ಟು ಹೊತ್ತೂ ತೂಬು ತೆರೆದೇ ಇತ್ತು. ಕೆರೆಯ ನೀರೆಲ್ಲ ಹೊಲಗಳ ಮೇಲೆ ನುಗ್ಗಿತು. ಅಲ್ಲಿ ನೀರು ಗೋಡೆಗಳನ್ನು ಬೀಳಿಸುವುದಿಲ್ಲ, ನೆಟ್ಟದ್ದನ್ನೂ ಬಿತ್ತಿದ್ದನ್ನೂ ಕಿತ್ತೊಯ್ಯುತ್ತದೆ. ಮರುದಿನ ತಂಡದವರು ಒಳಬಂದು ನೋಡಿದರೆ ಕೆರೆ ಬರಿದು, ಹೊಲಗಳು ಬೋಳು. ಹಸು ಆ ಹೊತ್ತಿಗೆ ಹೊರಗೆ ಹೋಗಿ ಉಳಿದ ದನಗಳೊಡನೆ ಸೇರಿಬಿಟ್ಟಿತ್ತು.

ನರೇಂದ್ರರ ಸಿಟ್ಟಿಗೆ ಮಿತಿಯಿರಲಿಲ್ಲ. ಹಲಗೆ ಸಿಕ್ಕಿಕೊಂಡಿದೆ, ತಾನು ಮೊದಲೇ ಎಚ್ಚರಿಸಿದ್ದೆ ಎಂದು ಬರೆದರು. ಕಟ್ಟೂರಿನಲ್ಲಿ ಒಂದು ನಿಯಮವಿತ್ತು: ಯಾರ ಕೈತಪ್ಪಿನಿಂದ ಬೇರೆಯವರ ಕೆಲಸ ಹಾಳಾಯಿತೋ ಅವರು ಕಟ್ಟುವ ತಂಡದಿಂದ ಹೊರಗೆ, ಆಮೇಲೆ ಸೇರಬೇಕೆಂದರೆ ಹೊಸಬರಂತೆ ಮಣ್ಣು ಹೊರುವುದರಿಂದ ಆರಂಭಿಸಬೇಕು. ಬರಹದಲ್ಲಿ ಮಾತಿಗೆ ಮಾತು ಬೆಳೆಯಿತು. ಕಡೆಗೆ ಮೋನಿಕಾ ಎಲ್ಲರೂ ಸಂಜೆ ದನಿಯಲ್ಲೇ ಸೇರಿ ಇದನ್ನು ಬಗೆಹರಿಸೋಣ ಎಂದರು.

ಹಲಗೆಯನ್ನು ಯಾರೋ ಬಹಳ ಹೊತ್ತು ತುಳಿದಿದ್ದಂತಿದೆ ಎಂದು ಜಿಯಾವುಲ್ಲಾ ಬರೆದಿದ್ದ ಸಾಲನ್ನು ಓದಿದ ಕ್ಷಣವೇ ಗಂಗರತ್ನಮ್ಮನವರಿಗೆ ಹಸುವಿನ ನೆನಪಾಯಿತು. ಸುಮ್ಮನಿದ್ದರೆ ಜಿಯಾವುಲ್ಲಾ ಹೊರಗೆ ಹೋಗುತ್ತಾರೆ, ಮಗಳ ಮುಂದೆ ಅವರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ದನಿಯೆತ್ತಿ ಒಪ್ಪಿಕೊಂಡರೆ ‘ಗಂಗಪ್ಪಣ್ಣ’ ಇನ್ನಿಲ್ಲ, ಕಟ್ಟೆಯ ಮೇಲಿನ ಆ ಸ್ಥಾನವೂ ಇಲ್ಲ. ಮೂರನೆಯ ದಾರಿಯೊಂದು ಹೊಳೆಯಿತು. ಎಂದಿನಂತೆ ಬರಹದಲ್ಲೇ, ಹಸುವನ್ನು ಒಳಗೆ ಬಿಟ್ಟದ್ದು ನಾನು ಎಂದು ಕಳಿಸಿಬಿಟ್ಟರೆ? ಒಪ್ಪಿಕೊಂಡಂತೆಯೂ ಆಯಿತು, ಗುಟ್ಟು ಉಳಿದಂತೆಯೂ ಆಯಿತು. ಅರ್ಧ ಸಾಲು ಒತ್ತಿಯೂ ಒತ್ತಿದರು.

ಆಗ, ಬಂಧುಗಳೇ, ಅವರ ಕಣ್ಣು ಆ ಸಾಲಿನ ಆರಂಭದಲ್ಲಿದ್ದ ಹೆಸರಿನ ಮೇಲೆ ಬಿತ್ತು. ಅಲ್ಲಿ ಏನು ಬರೆದರೂ ಮೊದಲು ಮುನಿಗಂಗಪ್ಪ ಎಂದು ಮೂಡಿ, ಆಮೇಲೆ ಮಾತು ಮೂಡುತ್ತದೆ. ಈ ಸಾಲನ್ನು ಕಳಿಸಿದರೆ ಊರು ಮುಳುಗಿಸಿದವರು ಯಾರೆಂದಾಯಿತು? ಆ ಹೆಸರಿನ ಮನುಷ್ಯ ಅಂಗಡಿಯಲ್ಲಿ ಕಬ್ಬಿಣ ತೂಗಿಸುತ್ತಾ ಕುಳಿತಿದ್ದಾರೆ, ಅವರಿಗೆ ಕಟ್ಟೂರು ಎಲ್ಲಿದೆಯೆಂದೂ ಗೊತ್ತಿಲ್ಲ. ಮರ್ಯಾದೆಗಾಗಿ ಬಾಯಲ್ಲಿ ಕೂಡ ತಾರದೆ ಕಾಪಾಡಿಕೊಂಡು ಬಂದ ಹೆಸರು ಅದು. ಅದಕ್ಕೆ ತನ್ನ ತಪ್ಪನ್ನು ಅಂಟಿಸುವುದೇ? ಆ ಹೆಸರಿನಲ್ಲಿ ಗೌರವ ಪಡೆಯುವಾಗ ಬಾರದ ಯೋಚನೆ ಅಪರಾಧ ಹೊರಿಸುವಾಗ ಬಂತಲ್ಲಾ ಎಂದು ಅವರಿಗೆ ನಾಚಿಕೆಯಾಯಿತು. ಬರೆದದ್ದನ್ನು ಅಳಿಸಿ ದೇವರ ಮನೆಗೆ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. ದೇವರು ಏನು ಹೇಳಿದನೆಂದು ನಾನು ಕೇಳಿದೆ. “ಏನೂ ಏಳ್ಲಿಲ್ಲ ಸ್ವಾಮಿ, ನನ್ ಮುಖಾನೇ ನೋಡ್ತಾ ಇದ್ದ,” ಎಂದರು. ಇದಕ್ಕಿಂತ ದೊಡ್ಡ ಪ್ರವಚನವನ್ನು ನಾನು ಮಾಡಿದವನಲ್ಲ.

ಸಂಜೆ ಸಭೆ ಸೇರಿತು. ಮುನಿಗಂಗಪ್ಪನವರು ಅಂಗಡಿಯಿಂದ ಬಂದು ದಿವಾನದ ಮೇಲೆ ಕಡ್ಲೆಪುರಿಯ ತಟ್ಟೆ ಹಿಡಿದು ಕುಳಿತಿದ್ದರು. ಗಂಗರತ್ನಮ್ಮ ಟ್ಯಾಬನ್ನು ಊಟದ ಮೇಜಿನ ಮೇಲೆ ನಿಲ್ಲಿಸಿಕೊಂಡರು. ಮೊದಲು ನರೇಂದ್ರ ಮಾತನಾಡಿ, ಹಿಡಿಕೆ ಇರಬೇಕೆಂದು ತಾವು ಹೇಳಿದ್ದನ್ನು ನೆನಪಿಸಿದರು. ಜಿಯಾವುಲ್ಲಾ ಜಗಳಕ್ಕೆ ನಿಲ್ಲಲಿಲ್ಲ.

“ನನ್ ಹಲಗೆ ಸಿಕ್ಕಾಕ್ಕೊಂಡಿರ್ಬೋದು ಸರ್. ರೂಲ್ಸ್ ಅಂದ್ಮೇಲೆ ಎಲ್ರಿಗೂ ಒಂದೇ. ನಾನ್ ಹೊರಗಿರ್ತೀನಿ ಬಿಡಿ.”

ಆ ತಗ್ಗಿದ ದನಿ ಕೇಳಿ ಈ ತಾಯಿಗೆ ತಡೆಯಲಾಗಲಿಲ್ಲ. ಮೈಕಿನ ಗುರುತನ್ನು ಒತ್ತಿದರು.

“ಅವ್ರದೇನೂ ತಪ್ಪಿಲ್ಲ. ಅಲಗೆ ಸರಿಯಾಗೇ ಐತೆ. ಅದ್ರ ಮ್ಯಾಲೆ ಅಸ ನಿಂತಿತ್ತು.”

ಆ ದನಿಯನ್ನು ಅವರು ಯಾರೂ ಕೇಳಿರಲಿಲ್ಲ.

“ಯಾರು ಮಾತಾಡ್ತಿರೋದು?” ಎಂದರು ಮೋನಿಕಾ. “ಅಸ ಅಂದ್ರೆ ಏನು?”

“ಹಸು ಮೇಡಂ, ಹಸು,” ಎಂದರು ಜಿಯಾವುಲ್ಲಾ, ತಾವು ಅಪರಾಧಿಯ ಜಾಗದಲ್ಲಿರುವುದನ್ನೂ ಮರೆತು.

ನರೇಂದ್ರ ಬಿಡಲಿಲ್ಲ. “ದನಿ ಮುನಿಗಂಗಪ್ಪನವರ ಐಡಿಯಿಂದ ಬರ್ತಿದೆ. ಯಾರಮ್ಮ ನೀವು? ಈ ಐಡಿ ಯಾರ್ದು?”

“ನಮ್ಮ ಯಜಮಾನ್ರ ಎಸರಲ್ಲಿರೋದು.”

“ಅವರ ಹೆಸರು ಹೇಳಿ.”

“ಈಗ್ ತಾನೆ ನೀವೇ ಏಳಿದ್ರಲ್ಲ ಸ್ವಾಮಿ. ನನ್ ಬಾಯಲ್ಲಿ ಅದು ಬರಂಗಿಲ್ಲ.” ಟ್ಯಾಬಿಗೆ ಇನ್ನಷ್ಟು ಹತ್ತಿರ ಬಾಗಿ ಮುಂದುವರಿಸಿದರು: “ನನ್ನೆಸರು ಗಂಗರತ್ನಮ್ಮ. ಮೊದ್ಲಿಂದ್ಲೂ ಒಳಗೆ ಬಂದೋಳು ನಾನೇ. ರಾಗಿ ಬಿತ್ತಿದ್ದೂ ನಾನೇ. ಒಸಾ ಮನೆಗೆ ಮೊದ್ಲು ಅಸ ಬರ್ಲಿ ಅಂತ ಒಳಗೆ ಬಿಟ್ಟು ಮರ್ತು ಓದೋಳೂ ನಾನೇ. ತೆಗೆಯೋದಾದ್ರೆ ನನ್ನ ತೆಗೀರಿ.”

ನರೇಂದ್ರ ನಿಯಮದ ಮನುಷ್ಯ. ಸದಸ್ಯರು ಮುನಿಗಂಗಪ್ಪ ಎಂದು ದಾಖಲೆಯಲ್ಲಿರುವುದರಿಂದ ಅವರೇ ಬಂದು ಒಪ್ಪಿಕೊಳ್ಳಬೇಕೆಂದರು. ಗಂಗರತ್ನಮ್ಮ ಬೇರೆ ದಾರಿ ಕಾಣದೆ ಟ್ಯಾಬನ್ನು ದಿವಾನದ ಕಡೆ ತಿರುಗಿಸಿದರು. ಅಷ್ಟು ಹೊತ್ತೂ ಹೆಂಡತಿ ಯಾರ ಮನೆಯ ಹಸುವಿನ ಪಂಚಾಯಿತಿ ಮಾಡುತ್ತಿದ್ದಾಳೆಂದು ತಿಳಿಯದೆ ಕುಳಿತಿದ್ದ ಮುನಿಗಂಗಪ್ಪನವರು ಅಂಗೈಯಲ್ಲಿದ್ದ ಪುರಿಯನ್ನು ತಟ್ಟೆಗೆ ಹಾಕಿದರು.

“ನಾನೆಲ್ಲಪ್ಪಾ ಕಟ್ಟಿದ್ದು? ಕಟ್ಟಿದ್ರೂ ಅವ್ಳೇ, ಕೆಡ್ಸಿದ್ರೂ ಅವ್ಳೇ. ನನ್ನ ಬೇಕಾದ್ರೆ ಸಿಮೆಂಟ್ ರೇಟ್ ಕೇಳಿ, ಏಳ್ತೀನಿ.” ಆಮೇಲೆ ಹೆಂಡತಿಯ ಕಡೆ ತಿರುಗಿದರು. “ಅಲ್ಲಾ ಕಣೇ, ನನ್ ಎಸರಲ್ಲಿ ಒಂದ್ ಊರ್ನೇ ಮುಳುಗ್ಸಿದೀಯಲ್ಲ, ಒಂದ್ ಮಾತ್ ನಂಗೂ ಏಳ್ಬಾರ್ದಾಗಿತ್ತಾ?”

ಟ್ಯಾಬಿನೊಳಗಿಂದ ನಗೆ ಉಕ್ಕಿ ಬಂತು. ಎಲ್ಲರಿಗಿಂತ ಮೊದಲು ನಕ್ಕವರು ನರೇಂದ್ರ ಎಂದು ಗಂಗರತ್ನಮ್ಮ ಇಂದಿಗೂ ಒತ್ತಿ ಹೇಳುತ್ತಾರೆ. ನಗೆ ಇಳಿದ ಮೇಲೆ ಜಿಯಾವುಲ್ಲಾ ಮಾತನಾಡಿದರು. ಗುಂಡಿಗೆ ಬಿದ್ದ ದಿನ ಕಣ್ಣು ಮನೆಯಲ್ಲಿಟ್ಟು ಬಂದಿರಾ ಎಂದು ಹಂಗಿಸಿದ್ದಕ್ಕೆ ಅಕ್ಕ ಕ್ಷಮಿಸಬೇಕೆಂದು ಕೇಳಿದರು. ತಪ್ಪಿನಲ್ಲಿ ತಮಗೂ ಪಾಲಿದೆ, ಮನುಷ್ಯರ ಕಾಲನ್ನೂ ದನದ ಕಾಲನ್ನೂ ಬೇರೆ ಮಾಡಿ ನೋಡದ ಹಲಗೆಯನ್ನು ಕೂರಿಸಿದವರು ತಾವು ಎಂದರು. ಹಿಡಿಕೆಯೂ ಇರಲಿ, ಹಲಗೆಯೂ ಇರಲಿ, ಎರಡೂ ಕೂಡಿದರೆ ಮಾತ್ರ ತೂಬು ತೆರೆಯುವಂತೆ ಮಾಡೋಣವೆಂದು ನರೇಂದ್ರರು ಅಲ್ಲಿಯೇ ಕಾಗದದ ಮೇಲೆ ಗೀಚಿ ಅದರ ಫೋಟೋ ಎಲ್ಲರಿಗೂ ಕಳಿಸಿದರು. ಇಬ್ಬರ ಮನಸ್ತಾಪ ಅಷ್ಟಕ್ಕೆ ತೀರಿತು.

ಆದರೆ ನಿಯಮ ನಿಯಮವೇ. ಮೋನಿಕಾ ಸೌಮ್ಯವಾಗಿ, ಸ್ಪಷ್ಟವಾಗಿ ತೀರ್ಪು ಹೇಳಿದರು. ಮುನಿಗಂಗಪ್ಪ ಎಂಬ ಸದಸ್ಯತ್ವ ಅಂದಿಗೆ ರದ್ದು. ಜಿಯಾವುಲ್ಲಾ ತಂಡದಲ್ಲೇ ಉಳಿಯುತ್ತಾರೆ. ಗಂಗರತ್ನಮ್ಮನವರಿಗೆ ಇಷ್ಟವಿದ್ದರೆ ತಮ್ಮದೇ ಹೆಸರಿನಲ್ಲಿ, ಹೊಸಬರಂತೆ, ಮಣ್ಣು ಹೊರುವ ಕೆಲಸದಿಂದ ಬರಬಹುದು. ಈ ತಾಯಿ ಒಂದು ಗಳಿಗೆಯೂ ಯೋಚಿಸದೆ ಆಗಲಿ ಎಂದರು.

ಆ ವಾರ ಬಿಂದುಶ್ರೀ ಬಂದು ಮತ್ತೊಮ್ಮೆ ಹೆಸರು ತುಂಬಿದರು. ಈ ಸಲ ತಾಯಿ ರೂಪವನ್ನು ತಾವೇ ಆರಿಸಿದರು: ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸು. ರಾಜಾನುಕುಂಟೆಯ ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ತಾನು ಹೀಗೇ ಇದ್ದೆ ಎಂದು ಮಗಳಿಗೆ ತೋರಿಸಿದರು. ಬರಿದಾದ ಕೆರೆಯ ಅಂಗಳಕ್ಕೆ ಇಳಿದು ಬುಟ್ಟಿ ಬುಟ್ಟಿ ಮಣ್ಣು ಹೊತ್ತರು. ನೀರಿಲ್ಲದ್ದರಿಂದ ಅಂಗಳದ ಇಳಿಜಾರು ಒಂದು ಕಡೆ ಸರಿಯಿಲ್ಲವೆಂಬುದು ನರೇಂದ್ರರ ಕಣ್ಣಿಗೆ ಬಿತ್ತು, ಎಲ್ಲರೂ ಸೇರಿ ಅದನ್ನೂ ತಿದ್ದಿದರು. ಪ್ರಾರಂಭೋತ್ಸವ ಸ್ವಲ್ಪ ಮುಂದಕ್ಕೆ ಹೋಯಿತು, ಅಷ್ಟೆ.

ಮಣ್ಣು ಹೊರುವವರಿಗೆ ಕಟ್ಟೆಯ ಮೇಲಿನ ಸಭೆಯಲ್ಲಿ ಜಾಗವಿರಲಿಲ್ಲ. ಗಂಗರತ್ನಮ್ಮ ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಹೊಲಗಳನ್ನು ಮತ್ತೆ ಬಿತ್ತುವ ಮಾತು ನಡೆಯುತ್ತಿದ್ದಾಗ, ಅವರು ಬುಟ್ಟಿ ಹೊತ್ತು ಕಟ್ಟೆಯ ಪಕ್ಕದಲ್ಲಿ ಹಾದುಹೋಗುತ್ತಿದ್ದರು. ನಿಯಮದ ಮನುಷ್ಯ ನರೇಂದ್ರರೇ ಅವರನ್ನು ತಡೆದು, ಏರಿಯ ಕೆಳಗಿನ ತಾಕಿಗೆ ಯಾವ ಬೆಳೆಯೆಂದು ದನಿಯಲ್ಲೇ ಕೇಳಿದರು. ಬುಟ್ಟಿ ಇಳಿಸಿ ಹೇಳಿ ಎಂದರು. ಗಂಗರತ್ನಮ್ಮ ತಮ್ಮ ಮಾತಿನಲ್ಲಿ, ಹಕಾರ ಇರಬೇಕಾದ ಕಡೆಯೆಲ್ಲ ಅಕಾರ ಹಾಕಿ, ನಿಧಾನವಾಗಿ ಹೇಳಿದರು. ಬೆರಳಿನಿಂದ ಅಕ್ಷರ ಹುಡುಕುವ ಕಷ್ಟವೂ ಇರಲಿಲ್ಲ. ಮೋನಿಕಾ ತಿಳಿಯದ ಮಾತಿನ ಅರ್ಥವನ್ನು ನಡುನಡುವೆ ಕೇಳಿ ಬರೆದುಕೊಂಡರು. ಎಲ್ಲರೂ ಮುಗಿಯುವ ತನಕ ಕಾದರು.

ಶಾಲೆಯ ಮಕ್ಕಳು ಬಂದ ದಿನ ತೂಬಿನ ಬಳಿ ನಿಂತು ಜಿಯಾವುಲ್ಲಾ ಎಲ್ಲವನ್ನೂ ವಿವರಿಸಿದರು. ಮಗಳ ತರಗತಿ ಎದುರಿಗೆ ಬಂದಾಗ ಮಾತ್ರ ಅವರ ಮಾತು ಎರಡು ಸಲ ತೊದಲಿತಂತೆ. ಹೊಲದಲ್ಲಿ ಮಕ್ಕಳಿಗೆ ಬಿತ್ತನೆ ತೋರಿಸಿದವರು ಗಂಗರತ್ನಮ್ಮ. ಹಿಂದಿನಿಂದ ಮುನಿಗಂಗಪ್ಪನವರು ಇಣುಕಿ ನೋಡುತ್ತಾ, ಈ ಊರಿನಲ್ಲಿ ಸಿಮೆಂಟಿಲ್ಲದೆ ಗೋಡೆ ಹೇಗೆ ನಿಂತಿದೆಯೆಂದು ಕೇಳುತ್ತಲೇ ಇದ್ದರು. ಶನಿವಾರ ದೇವಸ್ಥಾನದಲ್ಲಿ ಅರ್ಚಕರು ಯಾರ ಹೆಸರಿಗೆಂದು ಕೇಳಿದರೆ ಈ ತಾಯಿಯ ಉತ್ತರ ಈಗಲೂ ಹಿಂದಿನದೇ. ಅದನ್ನು ಬದಲಿಸಬೇಕೆಂದು ಅವರಿಗೂ ಅನ್ನಿಸಿಲ್ಲ, ದೇವರೂ ಕೇಳಿಲ್ಲ.

ಬಂಧುಗಳೇ, ನಿಮ್ಮಲ್ಲೂ ಹಲವರಿಗೆ, ನಿಮ್ಮ ಮಕ್ಕಳಿಗೆ, ಇಂಥ ಲೋಕಗಳಲ್ಲಿ ಬೇರೊಂದು ಹೆಸರಿರಬಹುದು, ಬೇರೊಂದು ಮುಖವಿರಬಹುದು. ಇರಲಿ. ಅಂಜುವವರಿಗೆ ಆ ಮರೆಯಲ್ಲಿ ನಿಂತು ಕಲಿಯುವ ಧೈರ್ಯ ಬರುವುದಾದರೆ ಅದೂ ಭಗವಂತನ ಕೃಪೆಯೇ. ಕಲಿಯಿರಿ, ಕೂಡಿ ಕಟ್ಟಿರಿ, ನಕ್ಕು ನಲಿಯಿರಿ. ಆದರೆ ನಿಮ್ಮ ಕೈಯಿಂದಾದ ಕೆಡುಕಿನ ಹೊರೆ ಇನ್ನೊಬ್ಬರ ಹೆಗಲಿಗೆ ಜಾರುವುದನ್ನು ಕಂಡ ದಿನ ಆ ಮರೆಯಿಂದ ಈಚೆ ಬನ್ನಿ. ನಾಳೆಗೆ ಇಡಬೇಡಿ. ಹೀಗೆ ನಿಮ್ಮ ಹೊರೆ ಹೊತ್ತು ಸುಮ್ಮನೆ ಕುಳಿತಿರುವವರು ಈಗಲೂ ಯಾರಾದರೂ ಇದ್ದರೆ, ಈ ಪುಟವನ್ನು ಮಡಿಸಿಟ್ಟು ಅವರಿಗೆ ಫೋನು ಮಾಡಿ. ಗಂಗರತ್ನಮ್ಮನವರಂತೆ, ನಿಮಗೆ ಬರುವ ಮಾತಿನಲ್ಲೇ, ನಿಮ್ಮ ಹೆಸರನ್ನು ಮೊದಲು ಹೇಳಿ, ಆಮೇಲೆ ನಡೆದದ್ದನ್ನು ಹೇಳಿ.